ಗಂಡಭೇರುಂಡದ ರಾವುತರು

ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಸವಾರರ ಪಡೆ ಹುಟ್ಟಿದ್ದು 1892ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ. ಸ್ವತಂತ್ರ ಭಾರತದ ಸೇನೆಯಲ್ಲಿ ಅದು ಕರಗಿಹೋದದ್ದು 1953ರಲ್ಲಿ. ಈ ಅರವತ್ತು ವರ್ಷಗಳ ನಡುವೆ ಅದು ಸಿನಾಯ್ ಮರುಭೂಮಿಯಲ್ಲಿ ಕಾವಲು ಕಾಯಿತು, ಗಾಜಾದಲ್ಲಿ ಹೋರಾಡಿತು, ಜೋರ್ಡಾನ್ ಕಣಿವೆಯಲ್ಲಿ ಬೆಂದಿತು, ಹೈಫಾ ಬಂದರನ್ನು ಗೆದ್ದ ಬ್ರಿಗೇಡಿನಲ್ಲಿತ್ತು, ಸಿರಿಯಾದ ಅಲೆಪ್ಪೊದ ಆಚೆಗೂ ಹೋಗಿ ಸಾವುನೋವು ಅನುಭವಿಸಿತು. ಮೈಸೂರು ಸಂಸ್ಥಾನದ ಎರಡು ತಲೆಯ ಹಕ್ಕಿ, ಗಂಡಭೇರುಂಡ, ಈ ಸವಾರರ ಬಿಲ್ಲೆಯ ಮೇಲಿತ್ತು. ಈಗ ಲ್ಯಾನ್ಸರ್ಸ್ ಎಂದಾಗ ಜನಕ್ಕೆ ನೆನಪಾಗುವುದು 1918ರ ಸೆಪ್ಟೆಂಬರ್ 23ರ ಒಂದು ಮಧ್ಯಾಹ್ನ ಮಾತ್ರ. ಆ ಮಧ್ಯಾಹ್ನ ದೊಡ್ಡದು, ನಿಜ. ಆದರೆ ಪಡೆಯ ಕಥೆ ಅದಕ್ಕಿಂತ ಬಹಳ ಉದ್ದವಾದದ್ದು, ಮತ್ತು ಅದರ ಅತ್ಯಂತ ಕಠಿಣ ದಿನ ಅದಾಗಿರಲಿಲ್ಲ.

ಸಿಲ್ಲೇದಾರರಿಂದ ಲ್ಯಾನ್ಸರ್ಸ್‌ವರೆಗೆ

ಮೈಸೂರಿನ ಕುದುರೆ ದಂಡಿಗೆ ಹೈದರ್ ಅಲಿಯ ಕಾಲದಲ್ಲೇ ದಖ್ಖನದ ತುಂಬ ಹೆಸರಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಆ ದಂಡು ಚೆದುರಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಆಡಳಿತ ವಹಿಸಿಕೊಂಡ ದಿವಾನ್ ಪೂರ್ಣಯ್ಯನವರ ಮುಂದೆ ಸಾವಿರಾರು ನಿರುದ್ಯೋಗಿ ಸವಾರರಿದ್ದರು. ಕುದುರೆ, ಕತ್ತಿ ಎರಡೂ ಇದ್ದು ಸಂಬಳವಿಲ್ಲದ ಸವಾರ ದರೋಡೆಗೆ ಇಳಿಯುವುದು ಆಗಿನ ಕಾಲದಲ್ಲಿ ಹೊಸದಲ್ಲ. ಪೂರ್ಣಯ್ಯ ಅವರಲ್ಲಿ ಅನೇಕರನ್ನು ಸಂಸ್ಥಾನದ ಸೇವೆಗೆ ತೆಗೆದುಕೊಂಡರು. 1807ರ ಪೂರಕ ಒಪ್ಪಂದದ ಪ್ರಕಾರ ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಟ್ಟು, ಕಂಪನಿ ಸರ್ಕಾರ ಕೇಳಿದಾಗ ಕಳಿಸಬೇಕಿತ್ತು.

ಇವರಲ್ಲಿ ಹೆಚ್ಚಿನವರು ಸಿಲ್ಲೇದಾರರು. ಸಿಲ್ಲೇದಾರ ತನ್ನ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇರುತ್ತಿದ್ದ. ಸರ್ಕಾರ ಅವನಿಗೂ ಕುದುರೆಗೂ ಸೇರಿಸಿ ತಿಂಗಳ ಸಂಬಳ ಕೊಡುತ್ತಿತ್ತು. ಕುದುರೆ ಇಲ್ಲದವನು ಬಾರ್ಗೀರ, ಅಂದರೆ ಬೇರೆಯವರ ಕುದುರೆ ಏರಿ ದುಡಿಯುವವನು. ಈ ಪದ್ಧತಿಯಲ್ಲಿ ಖಜಾನೆಗೆ ಉಳಿತಾಯವಿತ್ತು. ಸವಾರನೂ ಕುದುರೆಯನ್ನು ಮಗನಂತೆ ನೋಡಿಕೊಳ್ಳುತ್ತಿದ್ದ. ಆದರೆ ಯುದ್ಧದಲ್ಲಿ ಕುದುರೆ ಸತ್ತರೆ ಮನೆಯ ಬಂಡವಾಳವೇ ಹೋದಂತೆ. ಹಾಗಾಗಿ ಸಿಲ್ಲೇದಾರರು ಬೇಹು, ಬೆನ್ನಟ್ಟುವಿಕೆ, ಶತ್ರುವಿನ ಸರಬರಾಜು ತಡೆಯುವುದು ಇಂಥ ಕೆಲಸಗಳಲ್ಲಿ ನಿಪುಣರು. ಸಾಲುಗಟ್ಟಿ ನಿಂತ ಬಂದೂಕುಗಳ ಮೇಲೆ ಎದೆಯೊಡ್ಡಿ ನುಗ್ಗುವುದು ಅವರ ಕಸುಬಾಗಿರಲಿಲ್ಲ.

1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಬಿಸ್ನಪ್ಪ ಪಂಡಿತರ ಕೈಕೆಳಗೆ ಮೈಸೂರಿನ 2,400 ಸವಾರರು ಜೊತೆಗಿದ್ದರು. ಈಗಿನ ಮಹಾರಾಷ್ಟ್ರದ ಜಾಲನಾ ಜಿಲ್ಲೆಯಲ್ಲಿರುವ ಅಸ್ಸಾಯೆಯಲ್ಲಿ ಸಿಂಧಿಯಾ ಮತ್ತು ಬೇರಾರಿನ ಸೇನೆಯೊಡನೆ ಘೋರ ಕಾಳಗ ನಡೆದಾಗ ಮೈಸೂರು ಸವಾರರಿಗೆ ಬಿದ್ದ ಕೆಲಸ ಕೈತ್ನಾ ಹೊಳೆಯ ದಕ್ಷಿಣ ದಂಡೆಯಲ್ಲಿ ನಿಂತು ಮರಾಠರ ಕುದುರೆ ದಂಡು ಹಿಂದಿನಿಂದ ಬೀಳದಂತೆ ತಡೆಯುವುದು. ಆ ಕಾಳಗ ನಡೆದ ತಾರೀಕು ಸೆಪ್ಟೆಂಬರ್ 23. ಸರಿಯಾಗಿ 115 ವರ್ಷಗಳ ನಂತರ ಅದೇ ತಾರೀಕಿನಂದು ಮೈಸೂರಿನ ಸವಾರರು ಹೈಫಾದ ಬೀದಿಗಳಲ್ಲಿದ್ದರು. 1817ರ ಡಿಸೆಂಬರ್ 21ರಂದು ಹೋಳ್ಕರ್ ಸೇನೆಯ ವಿರುದ್ಧ ನಡೆದ ಮಹಿದ್‌ಪುರ ಯುದ್ಧದಲ್ಲೂ, ಪಿಂಡಾರಿಗಳನ್ನು ಬೆನ್ನಟ್ಟಿದ ಓಟದಲ್ಲೂ ಮೈಸೂರು ಕುದುರೆ ಇತ್ತು.

1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಈ ದಂಡು ಸೊರಗುತ್ತ ಬಂತು. ಸಂಖ್ಯೆ ಇಳಿಯಿತು, ಬಂದೋಬಸ್ತು, ಟಪ್ಪೆ ಕಾವಲುಗಳೇ ಅದರ ದಿನಚರಿಯಾದವು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಆಗ ಉಳಿದಿದ್ದದ್ದು ಹಳೆಯ ಹೆಸರು, ಹಳೆಯ ಕುದುರೆಗಳು.

ಅದಕ್ಕೆ ಮರುಜೀವ ಬಂದದ್ದು ದೂರದ ಮಧ್ಯ ಏಷ್ಯಾದ ಗಲಾಟೆಯಿಂದ. 1885ರಲ್ಲಿ ಅಫ್ಘಾನಿಸ್ತಾನದ ಗಡಿಯ ಪಂಜ್‌ದೇಹ್‌ಗೆ ರಷ್ಯಾದ ಸೇನೆ ನುಗ್ಗಿತು. ಕಲ್ಕತ್ತೆಯ ಸರ್ಕಾರ ಬೆದರಿತು. ದೇಶಿ ಸಂಸ್ಥಾನಗಳು ನೆರವಿಗೆ ಬರುತ್ತೇವೆಂದವು. ಇದರಿಂದ 1889ರಲ್ಲಿ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಎಂಬ ಏರ್ಪಾಡು ರೂಪುಗೊಂಡಿತು. ಸಂಸ್ಥಾನ ತನ್ನ ಖರ್ಚಿನಲ್ಲಿ ಪಡೆ ಕಟ್ಟಬೇಕು, ಬ್ರಿಟಿಷ್ ಅಧಿಕಾರಿಗಳು ತಾಲೀಮು ನೋಡಿಕೊಳ್ಳಬೇಕು, ಯುದ್ಧ ಬಂದರೆ ಪಡೆ ಸಾಮ್ರಾಜ್ಯದ ಸೇನೆಯ ಜೊತೆ ಹೋಗಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ತನ್ನ ಸಿಲ್ಲೇದಾರರಿಂದ ಆಯ್ದು ಇಂಪೀರಿಯಲ್ ಸರ್ವಿಸ್ ರೆಜಿಮೆಂಟನ್ನು ಬೆಂಗಳೂರಿನಲ್ಲೂ, ಉಳಿದವರ ಸ್ಥಳೀಯ ರೆಜಿಮೆಂಟನ್ನು ಮೈಸೂರಿನಲ್ಲೂ ಇರಿಸಿತು. ಬೆಂಗಳೂರಿನ ಆ ರೆಜಿಮೆಂಟೇ ಮೈಸೂರು ಲ್ಯಾನ್ಸರ್ಸ್. ಸವಾರರಲ್ಲಿ ದಖ್ಖನಿ ಮುಸ್ಲಿಮರೂ ಮರಾಠರೂ ಹೆಚ್ಚು. ಅಧಿಕಾರಿಗಳಲ್ಲಿ ಅರಸು ಮನೆತನದವರು ಎದ್ದು ಕಾಣುತ್ತಿದ್ದರು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಆಗಿನ ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿ ಎಷ್ಟೇ ಅನುಭವವಿದ್ದ ಭಾರತೀಯನೂ ಸುಬೇದಾರ್ ಮೇಜರ್, ರಿಸಾಲ್ದಾರ್ ಮೇಜರ್ ದರ್ಜೆಯಿಂದ ಮೇಲೆ ಹೋಗುವಂತಿರಲಿಲ್ಲ. ಹೊಸದಾಗಿ ಬಂದ ಬಿಳಿಯ ಯುವಕನಿಗೂ ಅವನು ಅಧೀನ. ಇಂದೋರಿನಲ್ಲಿ ತರಬೇತಿ ಪಡೆದ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರಂಥವರಿಗೆ ಪೂರ್ಣ ಅಧಿಕಾರಿಯ ಸ್ಥಾನ ಸಿಕ್ಕಿದ್ದೇ 1919ರಲ್ಲಿ. ಸಂಸ್ಥಾನದ ಪಡೆಗಳಲ್ಲಿ ಹಾಗಿರಲಿಲ್ಲ. ಅಲ್ಲಿ ನಾಯಕ ಭಾರತೀಯನೇ, ಬ್ರಿಟಿಷ್ ಅಧಿಕಾರಿ ಸಲಹೆಗಾರ. ಯುದ್ಧಭೂಮಿಯಲ್ಲಿ ಆ ಸಲಹೆ ಆಜ್ಞೆಯಾಗುತ್ತಿತ್ತು ಎಂಬುದು ಸುಳ್ಳಲ್ಲ. ಆದರೂ ಒಂದು ಇಡೀ ಕುದುರೆ ರೆಜಿಮೆಂಟನ್ನು ತಮ್ಮವರೇ ನಡೆಸುವುದನ್ನು ಆ ಕಾಲದ ಮೈಸೂರು ಸವಾರ ಕಂಡಿದ್ದ.

ಹಕ್ಕಿಯ ಹಾದಿ

ಪಡೆಗೆ ಒಂದು ಗುರುತು ಬೇಕು. ಧೂಳು, ಹೊಗೆ, ಕೂಗಾಟದ ನಡುವೆ ತನ್ನವರು ಎಲ್ಲಿದ್ದಾರೆಂದು ಸೈನಿಕ ಕತ್ತೆತ್ತಿ ನೋಡಿದರೆ ಕಾಣುವಂಥದ್ದು ಬೇಕು. ಇದನ್ನು ಅತಿ ಕಟ್ಟುನಿಟ್ಟಾಗಿ ಬೆಳೆಸಿದವರು ರೋಮನ್ನರು. ಸುಮಾರು ಐದು ಸಾವಿರ ಜನರ ಅವರ ದಂಡಿಗೆ ಲೀಜನ್ ಎಂದು ಹೆಸರು. ಮೊದಲು ಅವರ ಗಳುಗಳ ಮೇಲೆ ಹದ್ದು, ತೋಳ, ಕುದುರೆ, ಕಾಡುಹಂದಿ ಮುಂತಾದ ಆಕೃತಿಗಳಿದ್ದವು. ಕ್ರಿ.ಪೂ. 104ರಲ್ಲಿ ಗಾಯಸ್ ಮಾರಿಯಸ್ ಉಳಿದವನ್ನು ಬಿಟ್ಟು ಹದ್ದೊಂದನ್ನೇ ಎಲ್ಲ ಲೀಜನ್‌ಗಳ ಚಿಹ್ನೆಯಾಗಿ ನಿಲ್ಲಿಸಿದ. ಅದನ್ನು ಹೊರಲು ಒಬ್ಬ ವಿಶೇಷ ಸೈನಿಕ, ಶಿಬಿರದಲ್ಲಿ ಅದಕ್ಕೊಂದು ಗುಡಿ. ಕ್ರಿ.ಪೂ. 53ರಲ್ಲಿ ಕ್ಯಾರೆ ಯುದ್ಧದಲ್ಲಿ ಪಾರ್ಥಿಯನ್ನರ ಕೈಸೇರಿದ ಹದ್ದುಗಳನ್ನು ಅಗಸ್ಟಸ್ ಕ್ರಿ.ಪೂ. 20ರಲ್ಲಿ ಸಂಧಾನದಿಂದ ವಾಪಸು ಪಡೆದು ಅದನ್ನು ಯುದ್ಧ ಗೆದ್ದಷ್ಟೇ ಸಂಭ್ರಮದಿಂದ ಸಾರಿದ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ 17, 18, 19ನೇ ಲೀಜನ್‌ಗಳು ನಾಶವಾದವು. ಹದ್ದುಗಳು ಮುಂದೆ ಸಿಕ್ಕಿದರೂ ಆ ಮೂರು ಸಂಖ್ಯೆಗಳನ್ನು ರೋಮ್ ಮತ್ತೆ ಯಾವ ದಂಡಿಗೂ ಇಡಲಿಲ್ಲ.

ಕನ್ನಡ ನಾಡಿನ ಅರಸರಿಗೂ ಇದೇ ಹಟವಿತ್ತು, ಅದರ ಸಾಕ್ಷಿ ಶಾಸನಗಳ ತುಂಬ ಇದೆ. ಬನವಾಸಿಯ ಕದಂಬರದು ವಾನರಧ್ವಜ, ಸಿಂಹಲಾಂಛನ. ತಲಕಾಡಿನ ಗಂಗರದು ಪಿಂಛಧ್ವಜ, ಮದಗಜ ಲಾಂಛನ. ಬಾದಾಮಿ ಚಾಲುಕ್ಯರದು ವರಾಹ. ರಾಷ್ಟ್ರಕೂಟರದು ಗರುಡ. ಇವೆಲ್ಲಕ್ಕಿಂತ ಕುತೂಹಲದ್ದು ಪಾಳಿಧ್ವಜ. ಚಾಲುಕ್ಯ ವಿನಯಾದಿತ್ಯನ ಕಾಲದ ಉತ್ತರದ ದಂಡಯಾತ್ರೆಯಲ್ಲಿ ಅಲ್ಲಿನ ಸಾರ್ವಭೌಮನಿಂದ ಗಂಗಾ-ಯಮುನೆಯರ ಚಿಹ್ನೆ, ಢಕ್ಕೆಗಳ ಜೊತೆ ಪಾಳಿಧ್ವಜವನ್ನೂ ಗೆದ್ದು ತಂದರೆಂದು ಅವನ ವಂಶದ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಮುಂದೆ ರಾಷ್ಟ್ರಕೂಟರೂ ಅದನ್ನು ತಮ್ಮದೆಂದರು. ಅದು ಒಂದೇ ಬಾವುಟವಲ್ಲ, ಬಾವುಟಗಳ ಸಾಲು ಎಂಬುದು ಜಿನಸೇನನ ಆದಿಪುರಾಣದಿಂದ ತಿಳಿಯುತ್ತದೆ: ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಹೀಗೆ ಹತ್ತು ಚಿಹ್ನೆ, ದಿಕ್ಕಿಗೆ ಒಂದೊಂದರದು 108, ನಾಲ್ಕು ದಿಕ್ಕಿಗೂ ಸೇರಿ 4,320.

ಗಂಡಭೇರುಂಡವೂ ಬಿರುದಾಗಿ ಬಂದದ್ದು ಈ ಜಗತ್ತಿನಿಂದಲೇ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಮನುಷ್ಯ ದೇಹಕ್ಕೆ ಎರಡು ಹಕ್ಕಿ ತಲೆಗಳಿರುವ ಭೇರುಂಡನಿದ್ದಾನೆ. ಆ ಬಿರುದು ಅವನದೇ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಗಂಡಭೇರುಂಡ ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದು ನಿಂತಿದೆ. ಆನೆ ದಂಡುಗಳ ಕಾಲದಲ್ಲಿ ಇದರ ಅರ್ಥ ಯಾವ ಸೈನಿಕನಿಗೂ ಬಿಡಿಸಿ ಹೇಳಬೇಕಿರಲಿಲ್ಲ. ವಿಜಯನಗರದ ಬಳುವಳಿ ಹಂಚಿಕೊಂಡ ಮೈಸೂರಿನ ಒಡೆಯರು ಅದನ್ನು ತಮ್ಮ ಮುದ್ರೆಯಾಗಿಸಿಕೊಂಡರು. ಕೆಳಗೆ 'ನ ಬಿಭೇತಿ ಕದಾಚನ', ಎಂದೂ ಅಂಜದು, ಎಂಬ ವಾಕ್ಯ ಸೇರಿತು. ಟಿಪ್ಪುವಿನ ಕಾಲದಲ್ಲಿ ಸೈನಿಕರ ಉಡುಪಿನ ಮೇಲೆ ಹುಲಿಪಟ್ಟೆ ಬಂದಿತ್ತು. 1799ರ ನಂತರ ಹಕ್ಕಿ ಮರಳಿತು. ಇದನ್ನು ರೋಮಿನ ಹದ್ದಿನ ನಕಲೆಂದು ಕೆಲವರು ಭಾವಿಸುವುದುಂಟು. ಲೀಜನ್‌ಗಳ ಹದ್ದಿಗೆ ಇದ್ದದ್ದು ಒಂದೇ ತಲೆ. ಬಳ್ಳಿಗಾವೆಯ ಭೇರುಂಡ ಈ ನಾಡಿನ ಬಿರುದಿನ ಪದ್ಧತಿಯಿಂದ ಹುಟ್ಟಿದ್ದು.

ಸುಯೆಜ್‌ನಿಂದ ಹೈಫಾವರೆಗೆ

1914ರಲ್ಲಿ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಲ್ಯಾನ್ಸರ್ಸ್ ಪಡೆಯನ್ನೂ ಕಳಿಸಿದರು. ಅಕ್ಟೋಬರಿನಲ್ಲಿ ಮುಂಬಯಿಯಿಂದ ಹಡಗೇರಿದ ಸವಾರರು ಈಜಿಪ್ಟಿನಲ್ಲಿ ಇಳಿದರು. ಹೈದರಾಬಾದ್, ಪಟಿಯಾಲಾ ಲ್ಯಾನ್ಸರ್‌ಗಳ ಜೊತೆ ಸೇರಿ ಅವರದು ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡು. ಕೆಲಸ ಸುಯೆಜ್ ಕಾಲುವೆಯ ರಕ್ಷಣೆ. ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಯುರೋಪಿಗೆ ಹೋಗುವ ಜನ, ದವಸ, ಮದ್ದುಗುಂಡು ಎಲ್ಲ ಆ ಕಾಲುವೆಯ ಮೂಲಕವೇ ಹೋಗಬೇಕು. 1915ರ ಫೆಬ್ರವರಿಯ ಆರಂಭದಲ್ಲಿ ತುರ್ಕರ ಸೇನೆ ಸಿನಾಯ್ ದಾಟಿ ಬಂದು ಕಾಲುವೆಯ ಮೇಲೆ ಬಿದ್ದು ಹಿಮ್ಮೆಟ್ಟಿತು. ಮುಂದಿನ ತಿಂಗಳುಗಳು ಗಸ್ತಿನಲ್ಲಿ ಕಳೆದವು. ರಾಗಿ ಹೊಲದ ನಾಡಿನಿಂದ ಹೋದ ಸವಾರನಿಗೆ ಮರಳಿನಲ್ಲಿ ಕುದುರೆಯನ್ನು ಬದುಕಿಸಿಕೊಳ್ಳುವುದೇ ದೊಡ್ಡ ಯುದ್ಧ. ನೀರು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅಲ್ಲಿ ಪ್ರತಿ ನಡೆಯೂ ನಿಂತಿತ್ತು.

1917ರ ನವೆಂಬರಿನಲ್ಲಿ ಮೂರನೆಯ ಗಾಜಾ ಯುದ್ಧದ ಕೊನೆಗೆ ಓಡುತ್ತಿದ್ದ ತುರ್ಕರನ್ನು ಬೇಟ್ ಹನೂನ್ ಕಡೆಗೆ ಬೆನ್ನಟ್ಟಿದ ಪಡೆಗಳಲ್ಲಿ ಈ ಬ್ರಿಗೇಡೂ ಇತ್ತು. 1918ರಲ್ಲಿ ಫ್ರಾನ್ಸಿನಿಂದ ಜೋಧ್‌ಪುರ ಲ್ಯಾನ್ಸರ್ಸ್ ಬಂದು ಸೇರಿದರು. ಅದೇ ವರ್ಷ ಜುಲೈ 14ರಂದು ಜೋರ್ಡಾನ್ ಕಣಿವೆಯ ಎಲ್ ಹಿನು ಕಡವಿನ ಬಳಿ ಜೋಧ್‌ಪುರ ಮತ್ತು ಮೈಸೂರು ಸವಾರರು ತುರ್ಕರ ಅಶ್ವದಳದ ಮೇಲೆ ಭರ್ಜಿ ಹಿಡಿದು ನುಗ್ಗಿದರು. ಸಮುದ್ರ ಮಟ್ಟಕ್ಕಿಂತ ಬಹಳ ಕೆಳಗಿರುವ ಆ ಕಣಿವೆಯ ಬೇಸಿಗೆ ಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸುತ್ತಿತ್ತು. ಮಲೇರಿಯಾ ಅಲ್ಲಿ ನಿತ್ಯದ ಶತ್ರು.

ಸೆಪ್ಟೆಂಬರ್ 19ರಂದು ಜನರಲ್ ಅಲೆನ್‌ಬಿಯ ಸೇನೆ ಮೆಗಿಡ್ಡೊ ಯುದ್ಧದಲ್ಲಿ ತುರ್ಕರ ಸಾಲು ಮುರಿಯಿತು. ಆ ಬಿರುಕಿನಿಂದ ಅಶ್ವದಳ ಹಿಂಭಾಗಕ್ಕೆ ಹರಿಯಿತು. ಇನ್ನು ಮುಂದೆ ಡಮಾಸ್ಕಸ್‌ಗೆ ಹೋಗಬೇಕಾದರೆ ಸರಕು ಇಳಿಸಲು ಒಂದು ಬಂದರು ಬೇಕು. ಅದು ಹೈಫಾ. ಸೆಪ್ಟೆಂಬರ್ 22ರಂದು ಶಸ್ತ್ರಸಜ್ಜಿತ ಮೋಟಾರುಗಳು ಊರು ಹಿಡಿಯಲು ಹೋಗಿ ತೋಪಿನ ಏಟಿಗೆ ಹಿಂದೆ ಸರಿದವು. ಮರುದಿನ ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಅವರ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿಗೆ ಆ ಕೆಲಸ ಬಂತು. ಹೈದರಾಬಾದ್ ಲ್ಯಾನ್ಸರ್ಸ್ ಸೆರೆಯಾಳುಗಳ ಕಾವಲಿನಲ್ಲಿದ್ದುದರಿಂದ ಹೊರಟದ್ದು ಮೈಸೂರು ಮತ್ತು ಜೋಧ್‌ಪುರದವರು.

ಹೈಫಾದ ನೆಲವನ್ನು ಕಣ್ಮುಂದೆ ತಂದುಕೊಳ್ಳದೆ ಈ ಯುದ್ಧ ಅರ್ಥವಾಗುವುದಿಲ್ಲ. ಪೂರ್ವದಿಂದ ಬರುವ ದಾರಿಗೆ ಎಡಗಡೆ ಕಾರ್ಮೆಲ್ ಬೆಟ್ಟ ಕಡಿದಾಗಿ ಎದ್ದಿದೆ. ಬಲಗಡೆ ಕಿಶೋನ್ ಹೊಳೆ, ಅದರ ಸುತ್ತ ಕುಸಿಯುವ ಕೆಸರು. ನಡುವೆ ಇಕ್ಕಟ್ಟಾದ ಪಟ್ಟಿ. ಬೆಟ್ಟದ ಮೇಲೆ ತೋಪುಗಳು, ಅದರ ಬುಡದಲ್ಲೂ ಹೊಳೆಯ ಕಡೆಗೂ ಮೆಷಿನ್ ಗನ್ನುಗಳು. ಇಂಥ ಕಡೆ ಕುದುರೆ ಸವಾರರನ್ನು ನುಗ್ಗಿಸುವುದು ಯುದ್ಧಶಾಸ್ತ್ರದ ಯಾವ ಪುಸ್ತಕವೂ ಒಪ್ಪದ ಮಾತು. ಕಾಲಾಳುಗಳು ಬರುವವರೆಗೆ ಕಾಯಲು ಪುರುಸೊತ್ತಿರಲಿಲ್ಲ.

ಯೋಜನೆ ಹೀಗಿತ್ತು. ಮೈಸೂರಿನ ಒಂದು ತುಕಡಿ ಕಾಲುದಾರಿ ಹಿಡಿದು ಬೆಟ್ಟ ಹತ್ತಿ ಮೇಲಿನ ತೋಪುಗಳನ್ನು ಅಡಗಿಸಬೇಕು. ಬ್ರಿಟಿಷ್ ಅಶ್ವದಳವಾದ ಶೆರ್ವುಡ್ ರೇಂಜರ್ಸ್‌ನ ಒಂದು ತುಕಡಿ ಅವರಿಗೆ ಜೊತೆಯಾಯಿತು. ಮೈಸೂರಿನ ಇತರ ತುಕಡಿಗಳು ಕೆಳಗೆ ಮೆಷಿನ್ ಗನ್ ಇಟ್ಟುಕೊಂಡು ಶತ್ರುವಿನ ಗಮನ ಹಿಡಿದಿಡಬೇಕು. ಜೋಧ್‌ಪುರದವರು ನೇರ ನುಗ್ಗಬೇಕು. ಮಧ್ಯಾಹ್ನ ಎರಡರ ಹೊತ್ತಿಗೆ ಜೋಧ್‌ಪುರ ಸವಾರರು ಹೊರಟರು. ಕಿಶೋನಿನ ಕೆಸರು ಮೊದಲ ಕುದುರೆಗಳನ್ನೇ ನುಂಗಿತು. ಅವರು ಅಲ್ಲೇ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೆ ಬಿದ್ದು, ದಾರಿ ಬಿಡಿಸಿಕೊಂಡು ಊರಿಗೆ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲೇ ಗಾಯಗೊಂಡು ಸತ್ತರು. ಕೆಳಗಿದ್ದ ಮೈಸೂರು ತುಕಡಿಗಳು ಕುದುರೆಯೇರಿ ಬೆನ್ನಹಿಂದೆಯೇ ಊರು ಹೊಕ್ಕವು.

ಬೆಟ್ಟದ ಮೇಲಿನ ಕಥೆಯನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಏರು ಎಷ್ಟು ಕಡಿದಾಗಿತ್ತೆಂದರೆ ಕುದುರೆಗಳು ಒಂದೊಂದಾಗಿ ಹಿಂದೆ ಬಿದ್ದವು. ಒಂದಷ್ಟು ಜನ ಬಂದೂಕು ಹಿಡಿದು ಗುಂಡಿನ ಆಸರೆ ಕೊಡಲು ಇಳಿಯಬೇಕಾಯಿತು. ತೋಪುಗಳ ಮೇಲೆ ನುಗ್ಗುವ ಹೊತ್ತಿಗೆ ಕುದುರೆಯ ಮೇಲೆ ಉಳಿದಿದ್ದವರು ಹದಿನೈದರಷ್ಟು ಮೈಸೂರು ಸವಾರರು. ಅವರು ನುಗ್ಗಿದರು, ನೌಕಾ ತೋಪುಗಳನ್ನು ಹಿಡಿದರು. ಆ ತೋಪುಗಳು ಗುಂಡು ಕಾರುತ್ತಲೇ ಇದ್ದಿದ್ದರೆ ಕೆಳಗಿನ ನುಗ್ಗಾಟ ಅಷ್ಟು ಬೇಗ ಮುಗಿಯುತ್ತಿರಲಿಲ್ಲ. ಹೈಫಾದ ಕೀರ್ತಿಯಲ್ಲಿ ಮೈಸೂರಿನ ಪಾಲು ಏನೆಂದು ಕೇಳಿದರೆ ತೋರಿಸಬೇಕಾದದ್ದು ಈ ಏರನ್ನು.

ಸಂಜೆಯ ಹೊತ್ತಿಗೆ 1,350 ಸೆರೆಯಾಳುಗಳು, 17 ತೋಪು, 11 ಮೆಷಿನ್ ಗನ್ ಬ್ರಿಗೇಡಿನ ವಶವಾಗಿದ್ದವು. ಸತ್ತವರು 8 ಜನ, ಗಾಯಗೊಂಡವರು 34. ಕುದುರೆಗಳ ಲೆಕ್ಕ ಬೇರೆ: 60 ಸತ್ತವು, 83 ಗಾಯಗೊಂಡವು. ಸವಾರರು ಬದುಕಿದ್ದು ವೇಗದಿಂದ, ಮತ್ತು ಏಟನ್ನೆಲ್ಲ ಕುದುರೆಗಳು ತಿಂದದ್ದರಿಂದ.

ಹರಿತಾನ್

ಹೈಫಾವನ್ನು ಜಗತ್ತಿನ ಕೊನೆಯ ದೊಡ್ಡ ಅಶ್ವದಾಳಿ ಎಂದು ಬರೆಯುವ ರೂಢಿ ಬಿದ್ದಿದೆ. ಮೈಸೂರು ಲ್ಯಾನ್ಸರ್ಸ್ ಚರಿತ್ರೆಗೇ ಈ ಮಾತು ಹೊಂದುವುದಿಲ್ಲ. ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಅಲೆಪ್ಪೊ ಬಿದ್ದ ದಿನವೇ, ಈ ಬ್ರಿಗೇಡು ಊರಿನ ವಾಯವ್ಯಕ್ಕಿರುವ ಹರಿತಾನ್ ಹಳ್ಳಿಯ ಬಳಿ ಹಿಮ್ಮೆಟ್ಟುತ್ತಿದ್ದ ತುರ್ಕರನ್ನು ಎದುರಿಸಿತು. ಆ ಕಡೆಯ ತುರ್ಕ ಸೇನೆಗೆ ಮುಸ್ತಫಾ ಕೆಮಾಲ್ ನಾಯಕ. ಮುಂದೆ ಅತಾತುರ್ಕ್ ಎಂದು ಹೆಸರಾದವನು ಅವನೇ. ಎದುರಿಗೆ ಸಾವಿರದಷ್ಟು ಜನ ಇರಬಹುದೆಂದು ಬ್ರಿಗೇಡು ಅಂದಾಜಿಸಿತ್ತು. ಇದ್ದವರು ಅದರ ಎರಡು ಪಾಲಿಗೂ ಮೀರಿ, ತೋಪುಗಳ ಸಮೇತ.

ಮೈಸೂರು ಲ್ಯಾನ್ಸರ್ಸ್ ದಿಣ್ಣೆಯ ಪೂರ್ವದಿಂದ ಸುತ್ತಿ ಬಂದು ನುಗ್ಗಿದರು, ಜೋಧ್‌ಪುರದವರು ಬೆನ್ನಿಗೆ ಬಂದರು. ಭರ್ಜಿಗೆ ಸಿಕ್ಕವರು ಬಿದ್ದರು, ಕೆಲವರು ಶರಣಾದರು. ಸವಾರರು ಮುಂದೆ ಹೋದಂತೆ ಶತ್ರುವಿನ ಸಂಖ್ಯೆ ಬಯಲಾಯಿತು; ಶರಣಾದವರೂ ಮತ್ತೆ ಬಂದೂಕು ಎತ್ತಿಕೊಂಡರು. ಬ್ರಿಗೇಡು ಹಿಂದೆ ಸರಿದು ಸಾಲು ಹಿಡಿದು ನಿಲ್ಲಬೇಕಾಯಿತು. ರಾತ್ರಿ ತುರ್ಕರೂ ಹಿಂದೆ ಹೋದರು. ಬ್ರಿಗೇಡಿನಲ್ಲಿ 21 ಜನ ಸತ್ತಿದ್ದರು, 56 ಜನ ಗಾಯಗೊಂಡಿದ್ದರು, 3 ಜನ ಕಾಣೆ. ಜೋಧ್‌ಪುರ ಪಡೆಯ ಬ್ರಿಟಿಷ್ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಸತ್ತವರಲ್ಲಿ ಒಬ್ಬರು. ಅಕ್ಟೋಬರ್ 30ರಂದು ಮುದ್ರೋಸ್‌ನಲ್ಲಿ ತುರ್ಕರೊಡನೆ ಯುದ್ಧವಿರಾಮಕ್ಕೆ ಸಹಿ ಬಿತ್ತು.

ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಹೈಫಾದಲ್ಲಿ ಸತ್ತವರು 8, ಹರಿತಾನ್‌ನಲ್ಲಿ 21. ಹೈಫಾದಲ್ಲಿ ಬಂದರು ಸಿಕ್ಕಿತು, ಸೆರೆಯಾಳುಗಳು ಸಿಕ್ಕಿದರು; ಹರಿತಾನ್‌ನಲ್ಲಿ ಸಿಕ್ಕಿದ್ದು ಶತ್ರು ಖಾಲಿ ಮಾಡಿ ಹೋದ ದಿಣ್ಣೆ. ಗೆಲುವಿಗೆ ಸ್ಮಾರಕಗಳೆದ್ದವು. ಸೋಲೂ ಅಲ್ಲದ ಗೆಲುವೂ ಅಲ್ಲದ ಆ ದಿನವನ್ನು, ಯುದ್ಧ ಮುಗಿಯಲು ನಾಲ್ಕು ದಿನ ಉಳಿದಿರುವಾಗ ಮಣ್ಣಾದ ಆ ಸವಾರರನ್ನು, ಮೈಸೂರು ನಾಡು ಕೂಡ ಸರಿಯಾಗಿ ನೆನೆದಿಲ್ಲ. ಇದು ಅನ್ಯಾಯ.

ಕೊಡಗಿನ ಪಡೆ, ಕೊಡಗಿನ ನಿಶಾನಿ

ಮೈಸೂರಿಗೆ ಅಂಟಿಕೊಂಡೇ ಇರುವ, ಮನೆಮನೆಯಲ್ಲೂ ಸೈನಿಕರಿರುವ ಕೊಡಗಿಗೆ ಇಂಥ ಪಡೆ ಏಕಿರಲಿಲ್ಲ? 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ನೇರ ಆಳ್ವಿಕೆಗೆ ತೆಗೆದುಕೊಂಡಿದ್ದರು. ರಾಜನಿಲ್ಲದ ಮೇಲೆ ಸಂಸ್ಥಾನದ ಪಡೆಯೂ ಇಲ್ಲ. ಬದಲಿಗೆ ಮದ್ರಾಸ್ ಸೇನೆಯ 11ನೇ ಕಾಲಾಳು ರೆಜಿಮೆಂಟನ್ನು ಕೊಡವರಿಂದಲೇ ತುಂಬುವ ಪ್ರಯತ್ನ ನಡೆಯಿತು. 1903ರಲ್ಲಿ ಅದಕ್ಕೆ 71ನೇ ಕೂರ್ಗ್ ರೈಫಲ್ಸ್ ಎಂದು ಹೆಸರಾಯಿತು. 1904ರಲ್ಲಿ ಅದನ್ನು ವಿಸರ್ಜಿಸಲಾಯಿತು. ಧೈರ್ಯ ಸಾಲದೆ ಅಲ್ಲ, ಜನ ಸಾಲದೆ. 1901ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,80,607. ಅದರಲ್ಲಿ ಕೊಡವರು ಸುಮಾರು 36 ಸಾವಿರ. ಹೆಂಗಸರು, ಮಕ್ಕಳು, ಮುದುಕರನ್ನು ಕಳೆದು, ಗದ್ದೆ ನಾಟಿಗೂ ಕಾಫಿ ಕೊಯ್ಲಿಗೂ ಜನ ಬಿಟ್ಟು, ವರ್ಷವರ್ಷ ಒಂದು ರೆಜಿಮೆಂಟು ತುಂಬಿಸುವಷ್ಟು ಯುವಕರು ಉಳಿಯುವಂತಿರಲಿಲ್ಲ. ಕಾಫಿ ತೋಟಗಳ ಬಿಳಿಯ ಪ್ಲಾಂಟರುಗಳು ತಮ್ಮಷ್ಟಕ್ಕೆ ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್ ಎಂಬ ಸ್ವಯಂಸೇವಕ ಪಡೆ ಇಟ್ಟುಕೊಂಡಿದ್ದರು, ಅದು ಊರವರದಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಡಗಿನ ಹೆಸರಿನ ಪಡೆ ಮತ್ತೆ ಎದ್ದಿತು. 1946ರಲ್ಲಿ ಅದು ತೋಪುಖಾನೆಗೆ ಸೇರಿ, 37ನೇ ಕೂರ್ಗ್ ರೆಜಿಮೆಂಟಾಗಿ ಭಾರತೀಯ ಸೇನೆಯಲ್ಲಿ ಉಳಿಯಿತು. ನಿಶಾನಿಯ ಮಾತಿಗೆ ಬಂದರೆ ಕೊಡಗಿನದು ವಿಶೇಷ. ರೈಫಲ್ ಪಡೆಗಳಿಗೆ ಬಾವುಟ ಒಯ್ಯುವ ಸಂಪ್ರದಾಯವಿಲ್ಲ. ತೋಪುಖಾನೆಯಲ್ಲಿ ತೋಪೇ ನಿಶಾನಿ: ಕಾಲಾಳು ಪಡೆ ತನ್ನ ಧ್ವಜಕ್ಕೆ ಕೊಡುವ ಮರ್ಯಾದೆಯನ್ನು ತೋಪುಗಾರರು ತೋಪಿಗೆ ಕೊಡುತ್ತಾರೆ, ಅದನ್ನು ಶತ್ರುವಿಗೆ ಬಿಟ್ಟು ಬರುವುದು ಅವಮಾನ. ಕೊಡಗಿನವರಿಗೆ ಇದನ್ನು ಕಲಿಸಬೇಕಾಗಿರಲಿಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ದಿನ ಕುಲದ ಮೂಲಮನೆಗಳಾದ ಐನ್‌ಮನೆಗಳಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ಜನ ಅವರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟದ್ದು ಇದೇ ನಂಟನ್ನು ಒಪ್ಪಿ. ವಿರಾಜಪೇಟೆ, ಮಡಿಕೇರಿಯಿಂದ ಹಿಡಿದು ಕಾವೇರಿ ದಂಡೆಯ ನೆಲ್ಯಹುದಿಕೇರಿಯ ಸುತ್ತಿನವರೆಗೆ ಸೇನೆಯ ನಂಟಿಲ್ಲದ ಊರು ಕೊಡಗಿನಲ್ಲಿ ವಿರಳ; ಆ ಸೈನಿಕರು ಹಂಚಿಹೋಗಿದ್ದು ದೇಶದ ಎಲ್ಲ ರೆಜಿಮೆಂಟುಗಳಿಗೆ.

ಹಕ್ಕಿ ಉಳಿದದ್ದು ಎಲ್ಲಿ

ಯುದ್ಧದಿಂದ ಮರಳಿದ ಲ್ಯಾನ್ಸರ್ಸ್ ಬೆಂಗಳೂರಿನ ತಮ್ಮ ಲೈನುಗಳಿಗೆ ಬಂದರು. ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ದೆಹಲಿಯಲ್ಲಿ ಮೈಸೂರು, ಹೈದರಾಬಾದ್, ಜೋಧ್‌ಪುರ ಈ ಮೂರು ಪಡೆಗಳಿಗಾಗಿ ಶಿಲ್ಪಿ ಲೆನರ್ಡ್ ಜೆನ್ನಿಂಗ್ಸ್ ಮೂರು ಸೈನಿಕರ ಪ್ರತಿಮೆ ಮಾಡಿದರು. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವುಗಳಿಂದ. ನೆಹರೂ ವಾಸಿಸಿದ ಮನೆಗೂ ಅದೇ ಹೆಸರಾಯಿತು. ದಿನವೂ ಆ ವೃತ್ತ ಸುತ್ತುವವರಲ್ಲಿ ಒಂದು ಮೂರ್ತಿ ಮೈಸೂರಿನದೆಂದು ತಿಳಿದವರು ಕಡಿಮೆ. 2018ರ ಜನವರಿಯಲ್ಲಿ ಅದನ್ನು ತೀನ್ ಮೂರ್ತಿ ಹೈಫಾ ಚೌಕ ಎಂದು ಕರೆಯಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಸಂಸ್ಥಾನದ ಇನ್ನೊಂದು ಪಡೆಗೆ ಕೆಟ್ಟ ಕಾಲ ಬಂತು. ಒಂದನೇ ಮೈಸೂರು ಇನ್‌ಫೆಂಟ್ರಿ 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರಿಗೆ ಸೆರೆಸಿಕ್ಕಿತು. ಸ್ವಾತಂತ್ರ್ಯದ ನಂತರ ಅದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಲ್ಯಾನ್ಸರ್ಸ್ ಪಾಲಿಗೆ 1953 ಬಂತು. ಟ್ಯಾಂಕುಗಳ ಕಾಲದಲ್ಲಿ ಕುದುರೆ ಪಡೆಗಳೆಲ್ಲ ಏಕೆಂಬ ಪ್ರಶ್ನೆ ಎದ್ದಾಗ ಮೈಸೂರು, ಗ್ವಾಲಿಯರ್, ಜೋಧ್‌ಪುರ, ಪಟಿಯಾಲಾ ಮೊದಲಾದ ಸಂಸ್ಥಾನಗಳ ಸವಾರರನ್ನು ಸೇರಿಸಿ ಒಂದೇ ರೆಜಿಮೆಂಟು ಮಾಡಲಾಯಿತು. 1954ರಲ್ಲಿ ಅದಕ್ಕೆ 61ನೇ ಕ್ಯಾವಲ್ರಿ ಎಂದು ಹೆಸರಾಯಿತು. ಜೈಪುರದಲ್ಲಿ ನೆಲೆಸಿದ ಅದು ಗಣರಾಜ್ಯೋತ್ಸವದ ಮೆರವಣಿಗೆಯಿಂದ ಎಲ್ಲರಿಗೂ ಪರಿಚಿತ. ಪ್ರತಿ ಸೆಪ್ಟೆಂಬರ್ 23 ಅಲ್ಲಿ ಹೈಫಾ ದಿನ.

ಗಂಡಭೇರುಂಡ ಕರ್ನಾಟಕ ಸರ್ಕಾರದ ಲಾಂಛನದ ನಡುವೆ, ಕೆಂಪು ಗುರಾಣಿಯ ಮೇಲೆ ಉಳಿಯಿತು. ಅರಸನ ದಂಡಿನ ಹಕ್ಕಿ ಜನರ ಕಾಗದಪತ್ರಗಳ ಹಕ್ಕಿಯಾಯಿತು, ಒಳ್ಳೆಯದೇ ಆಯಿತು.

ಇನ್ನು ಆಗಬೇಕಾದದ್ದು ಆ ಹಕ್ಕಿಯನ್ನು ಹೊತ್ತ ಸವಾರರ ಹೆಸರುಗಳನ್ನು ಕೂಡಿಸುವ ಕೆಲಸ. ಬೆಂಗಳೂರು, ಮೈಸೂರು, ಕೋಲಾರ, ಚಿತ್ರದುರ್ಗದ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜನ ಪೆಟ್ಟಿಗೆಯೊಳಗೆ ಲ್ಯಾನ್ಸರ್ಸ್ ಕಾಲದ ಪದಕ, ಬಿಡುಗಡೆ ಪತ್ರ, ಸಮವಸ್ತ್ರದ ಗುಂಡಿ, ಈಜಿಪ್ಟಿನಿಂದ ಬಂದ ಕಾಗದ ಇದ್ದಿರಬಹುದು. ಅವು ಗುಜರಿಗೆ ಹೋಗುವ ಮೊದಲು ಒಂದು ಪ್ರತಿಯನ್ನಾದರೂ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ತಲುಪಿಸಿ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಜೆ.ಸಿ. ನಗರದ ಸ್ಮಾರಕಕ್ಕೆ ಹೋಗಿ ಬನ್ನಿ. ಅಲ್ಲಿ ಹೈಫಾದ ಜೊತೆಗೆ ಹರಿತಾನ್ ಹೆಸರನ್ನೂ ಹೇಳಿಕೊಡಿ.